ನೂರ ನಲವತ್ಮೂರನೆಯ ಪುಟ

ನಮ್ಮ ಮಾವನಿಗೆ ಕೂರಲು ಬರುವುದಿಲ್ಲ. ಊಟಕ್ಕೆ ಕೂತರೆ ನಡುವೆ ಎರಡು ಸಲ ಏಳುತ್ತಾನೆ: ಒಮ್ಮೆ ಕಿಟಕಿ ಮುಚ್ಚಲು, ಇನ್ನೊಮ್ಮೆ ಅದೇ ಕಿಟಕಿ ತೆಗೆಯಲು. ಹತ್ತು ಗಂಟೆಯ ಬಸ್ಸಿಗೆ ಒಂಬತ್ತಕ್ಕೇ ನಿಲ್ದಾಣ ಸೇರುತ್ತಾನೆ, ಬಸ್ಸು ಬಂದಾಗ ಮಾತ್ರ ಎಲ್ಲೋ ಅಡ್ಡಾಡಲು ಹೋಗಿರುತ್ತಾನೆ. ಅಮ್ಮ ತನ್ನ ಈ ಒಬ್ಬನೇ ತಮ್ಮನಿಗೆ ‘ಲೋಲಕ’ ಎಂದು ಹೆಸರಿಟ್ಟು ಎಷ್ಟೋ ವರ್ಷವಾಯಿತು. “ಮೂವತ್ತನಾಲ್ಕು ವರ್ಷ ನಿಂತೇ ದುಡಿದಿದೀನಿ ಅಕ್ಕ, ಕೂರೋದು ಕಲಿಯೋಕೆ ಸ್ವಲ್ಪ ಟೈಮ್ ಕೊಡು” ಎನ್ನುತ್ತಾನೆ. ಕೆಲಸ ಬಿಟ್ಟು ಆರು ವರ್ಷವಾಯಿತು, ಇನ್ನೂ ಕಲಿತಿಲ್ಲ.

ನಿಂತು ದುಡಿದದ್ದು ನಿಜ. ಮಾವ ಅಚ್ಚುಕೂಟದಲ್ಲಿ ಮೊಳೆ ಜೋಡಿಸುವವನು, ಕಂಪೋಸಿಟರ್. ಸೀಸದ ಒಂದೊಂದೇ ಅಕ್ಷರವನ್ನು ಖಾನೆಯಿಂದ ಹೆಕ್ಕಿ, ಎಡಗೈಯಲ್ಲಿ ಹಿಡಿದ ಸ್ಟಿಕ್ಕೆಂಬ ಪುಟ್ಟ ತಟ್ಟೆಯಲ್ಲಿ ಸಾಲು ಮಾಡಿ, ಸಾಲು ಸೇರಿಸಿ ಪುಟ ಮಾಡಿ, ಪುಟಕ್ಕೆ ದಾರ ಸುತ್ತಿ ಮಿಷಿನ್ನಿಗೆ ಕಳಿಸುವ ಕೆಲಸ. ಅಕ್ಷರಗಳು ತಲೆಕೆಳಗಾಗಿ ಕಾಣುವ ಕೆಲಸ ಅದು. ಹಾಗಾಗಿ ಇವತ್ತಿಗೂ ಅಮ್ಮ ಪತ್ರಿಕೆ ಹಿಡಿದು ಕೂತರೆ ಇವನು ಎದುರು ನಿಂತು ತಲೆಕೆಳಗಾಗಿಯೇ ಓದಿ, ಅಮ್ಮನಿಗಿಂತ ಮೊದಲು ಮುಗಿಸಿ, ಸತ್ತವರ ಸುದ್ದಿಯನ್ನೆಲ್ಲ ಹೇಳಿಬಿಡುತ್ತಾನೆ. ಅಮ್ಮ ಪತ್ರಿಕೆಯಿಂದಲೇ ಅವನ ತಲೆಗೆ ಮೊಟಕುತ್ತಾಳೆ.

ಮಹಡಿಯ ಮೇಲೆ ಅವನದೊಂದು ಕೋಣೆ. ಒಂದು ಮಂಚ, ಒಂದು ಕಪಾಟು, ಕಪಾಟಿನಲ್ಲಿ ಒಂದು ಕಾದಂಬರಿ. ರಟ್ಟು ನೀಲಿ ಬಣ್ಣದ್ದಾದ್ದರಿಂದ ಮನೆಯಲ್ಲಿ ನಾವು ಅದನ್ನು ‘ನೀಲಿ ಪುಸ್ತಕ’ ಎನ್ನುತ್ತೇವೆ. ಅದರ ಮೊದಲರ್ಧಕ್ಕೆ ಮೊಳೆ ಜೋಡಿಸಿದವನು ಇವನೇ, ಕೆಲಸಕ್ಕೆ ಸೇರಿ ಎರಡನೇ ವರ್ಷ. ಆ ಹೆಮ್ಮೆಗೋ ಏನೋ, ವರ್ಷಕ್ಕೊಮ್ಮೆ ಅದನ್ನು ಓದದೆ ಬಿಡುವುದಿಲ್ಲ. ಹತ್ತು ವರ್ಷದವಳಿದ್ದಾಗ ನನಗೂ ಗಟ್ಟಿಯಾಗಿ ಓದಿ ಹೇಳಿದ. ದೋಣಿಕಟ್ಟೆಯಿಂದ ಮೇಲಕ್ಕೆ ಹತ್ತುವ ಮೆಟ್ಟಿಲ ಬೀದಿ, ಆ ಬೀದಿಯಲ್ಲೊಬ್ಬ ಗಡಿಯಾರ ರಿಪೇರಿಯವನು, ಅವನ ಹೆಂಡತಿ, ತಾಯಿಯೊಡನೆ ಜಗಳವಾಡಿ ದೋಣಿ ಹತ್ತಿ ಹೋದ ಮಗಳು. ನೂರ ನಲವತ್ತೆರಡನೆಯ ಪುಟ ಮುಗಿದ ಕೂಡಲೇ ಮಾವ “ಗಂಟಲು ಒಣಗಿತು, ಮುಂದಿನ ಪುಟ ನೀನೇ ಓದ್ಕೋ” ಎಂದು ನೀರು ಕುಡಿಯಲು ಕೆಳಗೆ ಹೋದ. ನಾನು ಓದಿಕೊಂಡೆ. ಆ ಪುಟದ ಕೊನೆಯ ಏಳು ಸಾಲು ಹೀಗಿವೆ:

“ಕೊನೆಯ ದೋಣಿಯೂ ಬಂದು ಹೋಯಿತು. ಮೆಟ್ಟಿಲ ಮೇಲೆ ಮಗಳ ಕುರ್ಚಿ ಇನ್ನೂ ಹೊರಗೇ ಇತ್ತು. ‘ಒಳಗಿಡಲೇ?’ ಎಂದು ಗಂಡ ಕೇಳಿದ. ‘ಇರಲಿ ಬಿಡಿ, ಬಣ್ಣ ಒಣಗಲಿ’ ಎಂದಳು. ಆ ಕುರ್ಚಿಗೆ ಬಣ್ಣ ಬಳಿದು ಒಂದು ವರ್ಷವಾಗಿತ್ತು. ಅದು ಅವನಿಗೂ ಗೊತ್ತಿತ್ತು.”

ಈ ಸಾಲುಗಳನ್ನು ಬಾಯಿಪಾಠ ಮಾಡದವರು ನನ್ನ ವಯಸ್ಸಿನವರಲ್ಲಿ ಕಡಿಮೆ. ನಾನಂತೂ ಔಷಧಿ ಅಂಗಡಿಯ ನನ್ನ ಮೇಜಿನ ಗಾಜಿನ ಕೆಳಗೆ ಬರೆದಿಟ್ಟುಕೊಂಡಿದ್ದೇನೆ. ಇಪ್ಪತ್ತೆರಡರಲ್ಲಿ ನಾನೂ ಅಮ್ಮನ ಜೊತೆ ಜಗಳವಾಡಿ ಮನೆ ಬಿಟ್ಟು ಹೋಗಿ, ಹನ್ನೊಂದು ತಿಂಗಳು ಒಂದು ಬಾಡಿಗೆ ಕೋಣೆಯಲ್ಲಿದ್ದೆ. ಕಡೆಗೆ ನನ್ನನ್ನು ಹಿಂದಕ್ಕೆ ಎಳೆದು ತಂದದ್ದು ಆ ಕುರ್ಚಿಯೇ. ಬಂದು ನೋಡಿದರೆ ನನ್ನ ಮಂಚದ ಮೇಲೆ ಮಡಚಿದ ಬಟ್ಟೆಯ ರಾಶಿ, ಹಾಸಿಗೆಯೇ ಕಾಣುತ್ತಿರಲಿಲ್ಲ. ಅಮ್ಮ ಅವನ್ನೆಲ್ಲ ಬಾಚಿ ತೆಗೆದಳು. ಪುಸ್ತಕದಲ್ಲಿ ಒಬ್ಬ ತಾಯಿ ಮಗಳ ಕುರ್ಚಿಯನ್ನು ವರ್ಷವಿಡೀ ಹೊರಗಿಟ್ಟು ಕಾಯುತ್ತಾಳೆ, ನಮ್ಮಮ್ಮ ನನ್ನ ಮಂಚವನ್ನು ಬಟ್ಟೆ ಇಡುವ ಜಾಗ ಮಾಡಿಕೊಂಡಿದ್ದಾಳೆ ಎಂದು ನನಗೆ ಹೊಟ್ಟೆ ಉರಿದುಹೋಯಿತು. ಹದಿಮೂರು ವರ್ಷವಾದರೂ ಆ ಉರಿ ಪೂರ್ತಿ ಆರಿರಲಿಲ್ಲ, ಇದ್ದದ್ದು ಇದ್ದ ಹಾಗೆ ಹೇಳಿಬಿಡುತ್ತೇನೆ.

ಹೋದ ತಿಂಗಳು ಪತ್ರಿಕೆಯಲ್ಲಿ ಒಂದು ಸುದ್ದಿ ಬಂತು. ತೀರಿಕೊಂಡು ಹನ್ನೆರಡು ವರ್ಷವಾದ, ನೀಲಿ ಪುಸ್ತಕದ ಲೇಖಕಿಯ ಮನೆಯನ್ನು ಓದುಗರಿಗೆ ತೆರೆದಿದ್ದಾರಂತೆ. ಮೆಟ್ಟಿಲ ಬೀದಿ ಈಗಲೂ ಹಾಗೇ ಇದೆಯಂತೆ. ಹಸ್ತಪ್ರತಿಯನ್ನೂ ನೋಡಬಹುದಂತೆ. ಹೊಸ ಮುದ್ರಣ ಬರುತ್ತಿದೆಯಂತೆ. ಅಮ್ಮನ ಎದುರು ನಿಂತು ತಲೆಕೆಳಗಾಗಿ ಓದುತ್ತಿದ್ದ ಮಾವ ನಡುವೆಯೇ ನಿಲ್ಲಿಸಿ, ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದವನು ಮಧ್ಯಾಹ್ನದವರೆಗೆ ಬರಲಿಲ್ಲ. ಇವನಿಗೆ ಖುಷಿಯಾಗಿರಬೇಕು ಎಂದುಕೊಂಡು ನಾನು ಅಂಗಡಿಗೆ ರಜೆ ಹಾಕಿ, ಇಬ್ಬರಿಗೂ ಬಸ್ಸಿನ ಟಿಕೆಟ್ ತಂದೆ.

“ನಾನು ಬರಲ್ಲ” ಎಂದ.

“ಯಾಕೆ?”

“ಮಂಡಿ ನೋವು.”

“ದಿನಾ ಆರು ಮೈಲಿ ಸುತ್ತೋ ಮಂಡಿಗೆ ಬಸ್ಸಲ್ಲಿ ಕೂತ್ರೆ ನೋವಾ?” ಎಂದಳು ಅಮ್ಮ. “ಹೋಗೋ, ಹುಡುಗಿ ಅಷ್ಟು ಆಸೆಯಿಂದ ತಂದಿದಾಳೆ.”

ಹೊರಡುವ ದಿನ ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಅವನು ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿ, ಬಾಗಿಲಿನಿಂದ ಗೇಟಿನವರೆಗೆ ಶತಪಥ ತಿರುಗುತ್ತಿದ್ದ. ಬಸ್ಸಿನಲ್ಲಿ ಕಿಟಕಿ ಬೇಕೆಂದ, ಕೊಟ್ಟೆ. ಗಾಳಿ ಜಾಸ್ತಿ ಎಂದು ಈಚೆಗೆ ಬಂದ. ಮತ್ತೆ ಕಿಟಕಿ ಬೇಕೆಂದ. ಮೂರನೇ ಸಲ ಸೀಟು ಬದಲಾಯಿಸುವಾಗ ನನಗೆ ತಾಳ್ಮೆ ತಪ್ಪಿತು.

“ಮಾವ, ನಿನ್ನ ಮೈಮೇಲೆ ಇರುವೆ ಬಿಟ್ಟಿದಾರಾ? ಏನಾಗಿದೆ ಹೇಳು, ಇಲ್ಲಾ ಸುಮ್ಮನೆ ಕೂತ್ಕೋ.”

ಅವನು ಹೇಳಿದ. ಮುಂದಿನ ಸೀಟಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು, ನನ್ನ ಮುಖ ನೋಡದೆ ಹೇಳಿದ.

ಮೂವತ್ತೆಂಟು ವರ್ಷದ ಹಿಂದೆ, ಪ್ರೂಫು ತಿದ್ದಿ ಎಲ್ಲ ಒಪ್ಪಿಗೆಯಾಗಿ, ನೂರ ನಲವತ್ಮೂರನೆಯ ಪುಟವನ್ನು ಮಿಷಿನ್ನಿನ ಕಡೆಗೆ ಎತ್ತಿಕೊಂಡು ಹೋಗುವಾಗ ದಾರದ ತುದಿ ಮೇಜಿನ ಅಂಚಿನ ಆಣಿಗೆ ಸಿಕ್ಕಿತು. ಪುಟ ನೆಲಕ್ಕೆ ಬಿತ್ತು. ಸೀಸದ ಅಕ್ಷರಗಳೆಲ್ಲ ಚೆಲ್ಲಾಪಿಲ್ಲಿ. ಊಟದ ಹೊತ್ತಾದ್ದರಿಂದ ಯಾರೂ ನೋಡಲಿಲ್ಲ. ಪ್ರೂಫು ನೋಡಿಕೊಂಡು ಮತ್ತೆ ಜೋಡಿಸಿದರಾಯಿತೆಂದು ಕಂತೆ ತೆಗೆದರೆ ಆ ಹಾಳೆಯ ಕೆಳತುದಿಯೇ ಇಲ್ಲ. ಅಚ್ಚು ಸಮನಾಗಿ ಬೀಳಲೆಂದು ಮಿಷಿನ್ನಿನ ಹಾಳೆಯಡಿ ಕಾಗದದ ಚೂರು ಅಂಟಿಸುತ್ತಾರೆ, ಅದಕ್ಕೆ ಮಿಷಿನ್ನಿನವನು ಹರಿದುಕೊಂಡಿದ್ದ. ಕಿತ್ತು ನೋಡಿದರೆ ಬರೀ ಅಂಟು ಮತ್ತು ಮಸಿ. ಹಸ್ತಪ್ರತಿಯನ್ನು ಆಗಲೇ ಲೇಖಕಿಗೆ ಹಿಂದಕ್ಕೆ ಕಳಿಸಿಯಾಗಿತ್ತು. ಅವರೂರಿಗೆ ಕಾಗದ ಹೋಗಿಬರಲು ಎಂಟು ದಿನ, ಪುಸ್ತಕ ಬಿಡುಗಡೆಗೆ ಇದ್ದದ್ದು ಮೂರು. ಹಿಂದಿನ ತಿಂಗಳಷ್ಟೇ ಮಾಲೀಕರು ಪುಟ ಬೀಳಿಸಿದ ಒಬ್ಬನನ್ನು ಆ ಕ್ಷಣವೇ ಮನೆಗೆ ಕಳಿಸಿದ್ದರು.

“ಮತ್ತೆ?”

“ಮತ್ತೇನು. ಮೇಲಿನ ಭಾಗ ಪ್ರೂಫು ನೋಡಿ ಜೋಡಿಸಿದೆ. ಕೆಳಗಿನ ಏಳು ಸಾಲು... ಕಂಪೋಸಿಟರ್ ಕಣ್ಣಿಗೆ ಅಕ್ಷರ ಕಾಣುತ್ತೆ ಪುಟ್ಟಿ, ಅರ್ಥ ಕಾಣಲ್ಲ. ದೋಣಿ ಬಂದು ಹೋಯಿತು ಅನ್ನೋದು ನೆನಪಿತ್ತು. ಒಂದು ಕುರ್ಚಿ ಇತ್ತು, ಗಂಡ ಇದ್ದ. ಅಷ್ಟೇ. ಉಳಿದಿದ್ದು ನಾನೇ...” ಎಂದು ನಿಲ್ಲಿಸಿದ.

ನನಗೆ ನಗು ಬಂತು. ಇಪ್ಪತ್ತೈದು ವರ್ಷದಿಂದ ನಾನು ಬಾಯಿಪಾಠ ಮಾಡಿಕೊಂಡು ಓಡಾಡುತ್ತಿರುವುದು, ಊಟಕ್ಕೆ ಕೂತರೆ ಎರಡು ಸಲ ಏಳುವ ನಮ್ಮ ಮಾವನ ಸಾಲು!

“ಮಾವ, ಅದು ಇಡೀ ಪುಸ್ತಕದಲ್ಲೇ ಎಲ್ಲಕ್ಕಿಂತ ಚೆನ್ನಾಗಿರೋ ಜಾಗ ಕಣೋ!”

“ಚೆನ್ನಾಗಿದ್ರೆ ಆಯ್ತಾ? ಕೊನೇ ಪುಟ ನೆನಪು ಮಾಡ್ಕೋ.”

ನೆನಪಿತ್ತು. ಕೊನೆಯ ಪುಟದಲ್ಲಿ ಮಗಳು ಹಿಂದಿರುಗುತ್ತಾಳೆ. ಒಳಗೆ ಬಂದು, ತನ್ನ ಕುರ್ಚಿಯ ಮೇಲಿನ ಬಟ್ಟೆಯ ರಾಶಿಯನ್ನು ಎತ್ತಿ ಮಡಿಲಲ್ಲಿಟ್ಟುಕೊಂಡು ಕೂರುತ್ತಾಳೆ. ಅಲ್ಲಿಗೆ ಕಥೆ ಮುಗಿಯುತ್ತದೆ. ಹೊರಗಿದ್ದ ಕುರ್ಚಿ ಒಳಗೆ ಬಂದದ್ದು ಯಾವಾಗ, ಆ ಬಟ್ಟೆ ಯಾವುದು ಎಂದು ಎಲ್ಲೂ ಹೇಳಿಲ್ಲ. ದೊಡ್ಡ ದೊಡ್ಡವರು ಅದರ ಮೇಲೆ ಲೇಖನ ಬರೆದು, ಏನೇನೋ ಒಳಾರ್ಥ ಹಚ್ಚಿದ್ದಾರೆ.

“ದ್ವಿತೀಯಾರ್ಧಕ್ಕೆ ಮೊಳೆ ಜೋಡಿಸಿದವನು ಬೇರೆಯವನು. ಪುಸ್ತಕ ಹೊಲಿದು ರಟ್ಟು ಹಾಕಿದ ಮೇಲೇ ನಾನು ಕೊನೇ ಪುಟ ನೋಡಿದ್ದು. ಆವತ್ತೇ ಗೊತ್ತಾಯ್ತು, ಎಲ್ಲೋ ದೊಡ್ಡ ತಪ್ಪು ಮಾಡಿದೀನಿ ಅಂತ. ಅಲ್ಲಿ ನಿಜವಾಗಿ ಏನಿತ್ತು ಅಂತ ಇವತ್ತಿಗೂ ಗೊತ್ತಿಲ್ಲ. ಆ ಲೇಖಕಿ ಒಂದು ಕಾಗದ ಬರೆದು ಬೈದಿದ್ರೂ ಸಾಕಿತ್ತು. ಏನೂ ಬರೀಲಿಲ್ಲ.”

ಬಸ್ಸಿಳಿದು ದೋಣಿ ಹತ್ತಿದೆವು. ಕಟ್ಟೆಗೆ ಇಳಿಯುತ್ತಿದ್ದಂತೆ ಬೀದಿ ಎದುರಿಗೇ ಎದ್ದು ನಿಂತಿತ್ತು, ಪುಸ್ತಕದಲ್ಲಿದ್ದ ಹಾಗೆಯೇ. ಕಲ್ಲಿನ ಮೆಟ್ಟಿಲು, ಎರಡೂ ಕಡೆ ಇಕ್ಕಟ್ಟಿನ ಮನೆಗಳು, ಮೇಲೆ ಹಗ್ಗಕ್ಕೆ ಹರವಿದ ಬಟ್ಟೆ. ಗಡಿಯಾರದ ಅಂಗಡಿ ಇದ್ದಲ್ಲಿ ಈಗ ಮೊಬೈಲಿನ ಕವರು ಮಾರುತ್ತಿದ್ದರು. ನಾನು ಹತ್ತು ವರ್ಷದವಳಾಗಿ ಮನಸ್ಸಿನಲ್ಲೇ ಎಣಿಸಿದ್ದ ಮೆಟ್ಟಿಲುಗಳನ್ನು ಈಗ ಕಾಲಿನಿಂದ ಎಣಿಸುತ್ತಾ ಹತ್ತಿದೆ. ಮಾವ ಮುಂದೆ ಓಡುತ್ತಿದ್ದ, ನಿಲ್ಲುತ್ತಿದ್ದ, ನಾಲ್ಕು ಮೆಟ್ಟಿಲು ಇಳಿದು ನನ್ನ ಹತ್ತಿರ ಬಂದು ಮತ್ತೆ ಹತ್ತುತ್ತಿದ್ದ. ನಾನು ಒಂದು ಸಲ ಹತ್ತಿದರೆ ಅವನು ಎರಡು ಸಲ ಹತ್ತಿದ.

ಮೂರನೇ ತಿರುವಿನಲ್ಲಿ ಅವನು ಗಕ್ಕನೆ ನಿಂತುಬಿಟ್ಟ. ಲೇಖಕಿಯ ಮನೆಯ ಬಾಗಿಲ ಹೊರಗೆ, ಮೆಟ್ಟಿಲ ಮೇಲೆ, ಒಂದು ಹಸಿರು ಕುರ್ಚಿ. ಕದ್ದುಕೊಂಡು ಹೋಗದಿರಲೆಂದು ಅದರ ಕಾಲಿಗೆ ಸೈಕಲ್ ಬೀಗ ಹಾಕಿ ಕಂಬಿಗೆ ಬಿಗಿದಿದ್ದರು. ಐದಾರು ಜನ ಸಾಲಾಗಿ ನಿಂತು, ಒಬ್ಬೊಬ್ಬರೇ ಅದರ ಮೇಲೆ ಕೂತು, ದುಃಖದ ಮುಖ ಮಾಡಿ ಫೋಟೋ ತೆಗೆಸಿಕೊಳ್ಳುತ್ತಿದ್ದರು.

“ಸಾರ್, ನಮ್ಮಿಬ್ರದೂ ಒಂದು ತೆಗೀತೀರಾ?” ಎಂದು ಒಂದು ಜೋಡಿ ಮಾವನ ಕೈಗೇ ಫೋನು ಕೊಟ್ಟಿತು.

ಮಾವ ಫೋನು ಹಿಡಿದ. ತೆಗೆದ ಎರಡು ಚಿತ್ರವೂ ಕಲಸಿಹೋದವು. ಅವರು ಪುಸ್ತಕದ ಮಾತನ್ನು ತಪ್ಪುತಪ್ಪಾಗಿ ಹೇಳತೊಡಗಿದರು, “ಇರಲಿ ಬಿಡಿ, ಒಣಗಲಿ...” ಮಾವ ಅವರ ಕೈಗೆ ಫೋನು ತುರುಕಿ, ನನ್ನ ತೋಳು ಹಿಡಿದು ಒಳಗೆ ಎಳೆದುಕೊಂಡು ಹೋದ.

ಎರಡೇ ಕೋಣೆಯ ಮನೆ. ಮುಂದಿನ ಕೋಣೆಯಲ್ಲಿ ಲೇಖಕಿಯ ತಮ್ಮನ ಮಗಳು ಹೊಲಿಗೆ ಮಿಷಿನ್ ಇಟ್ಟುಕೊಂಡು ಶಾಲೆಯ ಸಮವಸ್ತ್ರಗಳಿಗೆ ಅಂಚು ಹೊಲಿಯುತ್ತಿದ್ದರು. ಐವತ್ತು ದಾಟಿದ ಹೆಂಗಸು, ಕೊರಳಲ್ಲಿ ಅಳತೆ ಪಟ್ಟಿ. ಹೊಲಿಯುತ್ತಲೇ ಬಂದವರಿಗೆ ಕೋಣೆ ತೋರಿಸುತ್ತಿದ್ದರು: ಇದು ಅತ್ತೆಯ ಮೇಜು, ಇದು ಕನ್ನಡಕ, ಹಸ್ತಪ್ರತಿ ಗಾಜಿನ ಪೆಟ್ಟಿಗೆಯಲ್ಲಿದೆ, ಮುಟ್ಟಬೇಡಿ.

ಗಾಜಿನ ಕೆಳಗೆ ತೆರೆದಿದ್ದದ್ದು ಮೊದಲನೆಯ ಪುಟ. ಮಾವ ಪೆಟ್ಟಿಗೆಯನ್ನು ಮೂರು ಸುತ್ತು ಸುತ್ತಿದ. ಕಡೆಗೆ ಹೊಲಿಗೆ ಮಿಷಿನ್ನಿನ ಎದುರು ಬಂದು ನಿಂತ.

“ಅಮ್ಮಾ, ಈ ಪುಸ್ತಕಕ್ಕೆ ಮೊಳೆ ಜೋಡಿಸಿದವನು ನಾನು. ನೂರ ನಲವತ್ಮೂರನೇ ಪುಟ.”

ಮಿಷಿನ್ನಿನ ಚಕ್ರದ ಮೇಲೆ ಕೈಯಿಟ್ಟು ಆಕೆ ನಿಲ್ಲಿಸಿದರು. ಮಾವನನ್ನು ತಲೆಯಿಂದ ಕಾಲಿನವರೆಗೆ ನೋಡಿದರು.

“ಅದು ನೀವಾ?” ಎಂದರು. “ಇಷ್ಟು ವಯಸ್ಸಾದವರು ಅಂದ್ಕೊಂಡಿರಲಿಲ್ಲ. ಅತ್ತೆ ಯಾವಾಗಲೂ ‘ಯಾರೋ ಹುಡುಗ’ ಅನ್ನೋರು.”

ಮಾವನ ಪರವಾಗಿ ನಾನೇ ಕೇಳಿದೆ, “ಅವರಿಗೆ ಗೊತ್ತಿತ್ತಾ?”

“ಗೊತ್ತಿರದೆ? ತಾವು ಬರೆದದ್ದು ತಮಗೆ ಗೊತ್ತಿರಲ್ವಾ? ಪುಸ್ತಕ ಕೈಗೆ ಬಂದ ದಿನ ಊಟ ಬಿಟ್ಟರು. ಅಚ್ಚುಕೂಟಕ್ಕೆ ಕಾಗದ ಬರೆದು, ಅಂಚೆಪೆಟ್ಟಿಗೆವರೆಗೂ ಇಳಿದು ಹೋಗಿ, ಹಿಂದಕ್ಕೆ ತಂದು ಒಲೆಗೆ ಹಾಕಿದರು.”

“ಯಾಕೆ?”

“ಯಾಕೆ ಅಂತ ನಾನೂ ಕೇಳಿದೆ. ‘ಬಿಡೇ, ಯಾರೋ ಹುಡುಗ ಹೆದರಿ ಮಾಡಿದಾನೆ, ಹೇಳಿದ್ರೆ ಅವನ ಕೆಲಸ ಹೋಗುತ್ತೆ’ ಅಂದರು.”

ಆಕೆ ಕಪಾಟಿನಿಂದ ಒಂದು ಹಾಳೆ ತೆಗೆದರು. ಎರಡನೆಯ ಮುದ್ರಣಕ್ಕೆಂದು ಲೇಖಕಿ ಬರೆದಿದ್ದ ತಿದ್ದುಪಡಿಗಳ ಪಟ್ಟಿ ಅದು. ನಲವತ್ತೊಂದು ತಪ್ಪು, ಪುಟ ಸಾಲು ಸಮೇತ, ಒಂದೊಂದೂ ಅಚ್ಚುಕಟ್ಟು. ಒಂದು ಕೊಂಬು ಬಿಟ್ಟದ್ದನ್ನೂ ಕ್ಷಮಿಸಿರಲಿಲ್ಲ. ಪುಟ ೧೪೨ರಲ್ಲಿ ಎರಡು ತಪ್ಪು. ಅದರ ಕೆಳಗೆ ಪುಟ ೧೪೪. ನಡುವೆ ಏನೂ ಇರಲಿಲ್ಲ. ಮಾವ ಆ ಎರಡು ಸಾಲಿನ ನಡುವಿನ ಬಿಳಿ ಜಾಗದ ಮೇಲೆ ಬೆರಳಿಟ್ಟು ನಿಂತ. ಕನ್ನಡಕ ತೆಗೆದು ಒರೆಸಿಕೊಂಡ, ಮತ್ತೆ ಹಾಕಿಕೊಂಡ, ಮತ್ತೆ ತೆಗೆದ.

“ಮೂಲ ನೋಡ್ತೀರಾ?” ಎಂದು ಆಕೆ ಗಾಜಿನ ಪೆಟ್ಟಿಗೆಯ ಬೀಗ ತೆಗೆದರು.

ಮಾವ ನೋಡಲಾರೆನೆಂದು ಕಿಟಕಿಯ ಕಡೆ ತಿರುಗಿದ. “ನೀನೇ ಓದು, ಪುಟ್ಟಿ.” ಹತ್ತು ವರ್ಷದವಳಿಗೆ ಹೇಳಿದ್ದ ಅದೇ ಮಾತು, ಆದರೆ ಈ ಸಲ ಎದ್ದು ಹೋಗಲಿಲ್ಲ. ನಾನು ಓದಿದೆ:

“ಕೊನೆಯ ದೋಣಿಯೂ ಬಂದು ಹೋಯಿತು. ಅವಳು ಮಗಳ ಕುರ್ಚಿಯನ್ನು ಒಳಗೆ ತಂದು ಗೋಡೆಗೆ ಸೇರಿಸಿಟ್ಟಳು. ಒಣಗಿದ ಬಟ್ಟೆಗಳನ್ನು ಒಂದೊಂದಾಗಿ ಮಡಚಿ ಅದರ ಮೇಲೆ ಪೇರಿಸಿದಳು, ಕುರ್ಚಿ ಕಾಣದಷ್ಟು. ಗಡಿಯಾರಕ್ಕೆ ಕೀ ಕೊಡುತ್ತಿದ್ದ ಗಂಡನಿಗೆ ಎಷ್ಟು ಸುತ್ತಾಯಿತೆಂಬುದು ಮರೆತುಹೋಯಿತು. ಮತ್ತೆ ಮೊದಲಿನಿಂದ ಎಣಿಸಿದ.”

‘ಕುರ್ಚಿ ಕಾಣದಷ್ಟು’ ಎಂಬಲ್ಲಿಗೆ ಬಂದಾಗ ನನಗೆ ಅಳು ಬಂತು. ಹೇಗೋ ಓದಿ ಮುಗಿಸಿದೆ. ನನ್ನ ಕಣ್ಣ ಮುಂದೆ ಇದ್ದದ್ದು ಆ ಕುರ್ಚಿಯಾಗಿರಲಿಲ್ಲ, ನನ್ನ ಮಂಚ.

“ಹೊಸ ಮುದ್ರಣ ಯಾವಾಗ?” ಎಂದು ಮಾವ ಕೇಳಿದ.

“ಮುಂದಿನ ತಿಂಗಳು. ಹಳೆಯದು ಹೇಗಿದೆಯೋ ಹಾಗೇ ಮಾಡಿ ಅಂದಿದೀನಿ. ಹೊರಗೆ ಅಷ್ಟು ಜನ ನಿಂತಿರೋದು ನಿಮ್ಮ ಸಾಲು ನೋಡೋಕೆ ತಾನೇ? ಅತ್ತೆಯೇ ಸುಮ್ಮನಿದ್ದ ಮೇಲೆ ನಾನ್ಯಾರು ತಿದ್ದೋಕೆ?”

“ಪೆನ್ನು ಕೊಡಿ.”

“ಮಾವ,” ಎಂದೆ, “ಅವರೇ ಬಿಟ್ಟಿದಾರೆ. ಇರಲಿ ಬಿಡು.” ಓದಿ ಅತ್ತವಳೂ ನಾನೇ, ಬೇಡ ಎಂದವಳೂ ನಾನೇ. ಇಪ್ಪತ್ತೈದು ವರ್ಷ ಸಾಕಿಕೊಂಡ ಸಾಲುಗಳನ್ನು ಒಂದೇ ಮಧ್ಯಾಹ್ನದಲ್ಲಿ ಬಿಟ್ಟುಕೊಡಲು ನನ್ನಿಂದ ಆಗುತ್ತಿರಲಿಲ್ಲ.

“ಅವರು ಬಿಟ್ಟಿದ್ದು ನನ್ನ ಕೆಲಸ ಉಳೀಲಿ ಅಂತ ಕಣೇ. ಈಗ ಯಾವ ಕೆಲಸ ಇದೆ ನನಗೆ, ಹೋಗೋದಕ್ಕೆ?”

ಇಷ್ಟು ಹೇಳಿ ಮಾವ ಲೇಖಕಿಯ ಮೇಜಿನ ಮೇಲೆ ಆ ಪಟ್ಟಿಯನ್ನಿಟ್ಟು, ಪಕ್ಕದಲ್ಲಿದ್ದ ಸ್ಟೂಲನ್ನು ಕಾಲಿನಿಂದ ಸರಿಸಿ, ನಿಂತೇ ಬರೆದ. ‘೪೨. ಪುಟ ೧೪೩, ಕೊನೆಯ ಏಳು ಸಾಲು ತಪ್ಪು. ಹಸ್ತಪ್ರತಿಯಲ್ಲಿದ್ದಂತೆ ಮಾಡಿಕೊಳ್ಳಿ. — ಕಂಪೋಸಿಟರ್.’ ಬರೆದದ್ದರಲ್ಲಿ ತಪ್ಪಿದೆಯೇ ಎಂದು ಎರಡು ಸಲ ನೋಡಿ ಆಕೆಯ ಕೈಗೆ ಕೊಟ್ಟ. ಆಕೆ ಓದಿಕೊಂಡು, “ಕಳಿಸ್ತೀನಿ” ಎಂದರು.

ಹೊರಗೆ ಬಂದಾಗ ಕುರ್ಚಿಯ ಮುಂದಿನ ಜನರ ಸಾಲು ಇನ್ನೂ ಉದ್ದವಾಗಿತ್ತು. ನಾನು ಆ ಕಡೆ ತಿರುಗಿ ನೋಡಲಿಲ್ಲ.

ದೋಣಿಯಲ್ಲಿ ಮಾವ ಕಂಬಿ ಹಿಡಿದು ನಿಂತಿದ್ದ. ಅರ್ಧ ದಾರಿಯಲ್ಲಿ ಹೇಳಿದ, “ಎಲ್ಲಿ, ಆ ಸಾಲು ಒಂದು ಸಲ ಹೇಳು.” ನಾನು ಯಾವಾಗ ಹೇಳಲು ಹೊರಟರೂ ಎದ್ದು ಓಡುತ್ತಿದ್ದವನು! ಹೇಳಿದೆ. ತಲೆ ಆಡಿಸುತ್ತಾ ಪೂರ್ತಿ ಕೇಳಿದ.

“‘ಇನ್ನೂ ಹೊರಗೇ ಇತ್ತು’ ಅಂತ ಇದೆಯಲ್ಲ, ಆ ‘ಇನ್ನೂ’ ಬೇಕಾಗಿರಲಿಲ್ಲ. ಸಾಲಿನ ಕೊನೇಲಿ ಜಾಗ ಉಳಿದಿತ್ತು, ತುಂಬಿಸೋಕೆ ಹಾಕಿದ್ದೆ.”

ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಇಡೀ ಪುಸ್ತಕದಲ್ಲಿ ನನ್ನನ್ನು ಮನೆಗೆ ಕರೆತಂದ ಪದ ಅದೊಂದೇ ಆಗಿತ್ತು. “ನೀನು ಮನುಷ್ಯನೇನೋ ಮಾವ” ಎಂದು ಅವನ ಬೆನ್ನಿಗೆ ಗುದ್ದಿದೆ. ಅವನು ನಗುತ್ತಾ ದೋಣಿಯ ಆ ತುದಿಗೆ ನಡೆದ, ಅಲ್ಲಿಂದ ಈ ತುದಿಗೆ ಬಂದ.

ಮನೆ ಸೇರಿದಾಗ ಅಮ್ಮ ನನ್ನ ಮಂಚದ ಮೇಲೆ ಕೂತು ಬಟ್ಟೆ ಮಡಚುತ್ತಿದ್ದಳು. “ಬಂದ್ಯಾ? ಇರು, ತೆಗೀತೀನಿ” ಎಂದು ಬಾಚಿಕೊಳ್ಳಲು ಹೋದಳು. ನಾನು ಅವಳ ಕೈ ಹಿಡಿದೆ.

“ಅಮ್ಮ, ಆಗ ನಾನು ಮನೆ ಬಿಟ್ಟು ಹೋಗಿದ್ದಾಗ ಈ ಮಂಚದ ಮೇಲೆ ಬಟ್ಟೆ ಯಾಕೆ ಹಾಕಿದ್ದೆ?”

ಹದಿಮೂರು ವರ್ಷದ ಹಿಂದಿನ ಮಾತು. ಯಾವುದು ಎಂದು ಅಮ್ಮ ಕೇಳಲಿಲ್ಲ. ಒಂದು ದಿಂಬಿನ ಚೀಲ ಮಡಚಿ, ಬಿಡಿಸಿ, ಮತ್ತೆ ಮಡಚಿದಳು.

“ಖಾಲಿ ಮಂಚ ನೋಡೋಕಾಗ್ತಿರಲಿಲ್ಲ ಕಣೇ” ಎಂದಳು.